ಟಬ್ಬಿಗೆ ‘ಶಾಕ್’ ಕೊಡುವುದನ್ನು ಕನ್ನಡದಲ್ಲಿ ಏನನ್ನೋಣ?

ಅಮೆರಿಕದ ಮಿನೆಸೋಟಾದ ನಮ್ಮ ಮನೆ ಹಿತ್ತಲಲ್ಲಿ ಒಂದು ಹಾಟ್ ಟಬ್ ಇದೆ, ಬಿಸಿನೀರಲ್ಲಿ ಮೈ ಮುಳುಗಿಸಿ ಕೂರುವ ತೊಟ್ಟಿ. ಬರುವ ತಿಂಗಳು ತುಮಕೂರಿನಿಂದ ಅಪ್ಪ ಅಮ್ಮ ಬರುತ್ತಾರೆ. ನಡುವೆ ಎರಡು ವಾರ ನಾವು ಊರಲ್ಲಿರುವುದಿಲ್ಲ, ಟಬ್ಬಿನ ಉಸ್ತುವಾರಿ ಅಪ್ಪನದು. ಅವರಿಗೆಂದು ಕನ್ನಡದಲ್ಲಿ ಒಂದು ಪುಟ ಬರೆಯಲು ಕೂತು ಪದಗಳಿಗೆ ತಡಕಾಡುತ್ತಿದ್ದೇನೆ.

ಹೆಸರಿನದೇನೂ ಕಷ್ಟವಾಗಲಿಲ್ಲ. ಮೊದಲು ‘ಹಂಡೆ’ ಎಂದು ಬರೆದಿದ್ದೆ. ಅಮ್ಮ ಫೋನಿನಲ್ಲೇ ನಕ್ಕಳು: “ಹಂಡೆಯಿಂದ ನೀರು ತೋಡ್ಕೋತಾರೆ ಕಣೋ, ಒಳಗೆ ಹೋಗಿ ಕೂರಲ್ಲ.” ‘ಜಕೂಜಿ’ ಎಂಬುದೋ ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದ ಮನೆತನದ ಹೆಸರು, ಕಂಪನಿಯ ಹೆಸರು. ಟಬ್ಬು ಟಬ್ಬಾಗಿಯೇ ಉಳಿಯಿತು.

ತೊಡಕಾಗಿದ್ದು ‘ಶಾಕ್’. ಮೈಯ ಬೆವರು, ಎಣ್ಣೆ, ಸೋಪಿನ ಜಿಡ್ಡು ನೀರಲ್ಲಿ ಉಳಿಯದಂತೆ ವಾರಕ್ಕೊಮ್ಮೆ ಜೋರಾಗಿ ಒಂದು ಪುಡಿ ಹಾಕುತ್ತೇವಲ್ಲ, ಅದು. “ಟಬ್ಬಿಗೆ ಶಾಕ್ ಕೊಡಿ” ಎಂದು ಬರೆದರೆ, ನೀರು ಪಂಪು ಹೀಟರು ಮೂರೂ ಒಟ್ಟಿಗಿರುವ ಕಡೆ ಅಪ್ಪ ಮೊದಲು ಮೇನ್ ಸ್ವಿಚ್ ಆರಿಸಿ ಬರುತ್ತಾರೆ. ‘ಮದ್ದು ಹಾಕಿ’ ಎನ್ನೋಣವೆಂದರೆ, ನಮ್ಮ ಕಡೆ ಮದ್ದು ಹಾಕುವವರ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ! ಬರೀ ‘ಪುಡಿ’ ಎಂದರೆ ಟಬ್ಬಿಗೆ ಹಾಕುವ ಉಪ್ಪು ಕೂಡ ಪುಡಿಯೇ. ಸದ್ಯಕ್ಕೆ ‘ವಾರದ ಪುಡಿ’ ಎಂದಿಟ್ಟಿದ್ದೇನೆ. ಅರ್ಥವಾಗುತ್ತದೆ, ಆದರೆ ಏಟಿಲ್ಲ.

ಪೈಪಿನೊಳಗೆ ಕೂರುವ ಜಾರುವ ಪದರದ್ದು ಬೇರೆ ಕಥೆ. ಸುಮಾರು 40 ಡಿಗ್ರಿ ಬಿಸಿಯಲ್ಲಿ ಕ್ಲೋರಿನ್ ಬೇಗ ಖರ್ಚಾಗುತ್ತದೆ. ಅದು 3 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ನೀರಿಗೆ ಮೂರು ಪಾಲು) ಕೆಳಗಿಳಿಯಲು ಬಿಟ್ಟರೆ ಬ್ಯಾಕ್ಟೀರಿಯಾ ಪೈಪಿಗೆ ಅಂಟಿ ಮನೆ ಮಾಡುತ್ತವೆ, ನ್ಯುಮೋನಿಯಾ ತರುವ ಲೀಜಿಯೊನೆಲ್ಲಾದಂಥವೂ ಅಲ್ಲೇ ಅಡಗುತ್ತವೆ. ಇದನ್ನು ಪಾಚಿ ಎನ್ನುವುದು ತಪ್ಪು. ಪಾಚಿಗೆ ಬೆಳಕು ಬೇಕು, ಇದು ಕತ್ತಲಲ್ಲೇ ಬೆಳೆಯುತ್ತದೆ. ‘ಜೈವಿಕ ಪದರ’ ಪಠ್ಯಪುಸ್ತಕದಲ್ಲೇ ಇರಲಿ. ನನ್ನ ಮತ ‘ಲೋಳೆ’ಗೆ, ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗುವಂಥದ್ದು ಅದು. ಆದರೆ ಲೋಳೆ ಎಂದೊಡನೆ ಬೆಂಡೆಕಾಯಿ, ಲೋಳೆಸರ ನೆನಪಾಗಿ ಅಪಾಯವೇ ಮರೆಯಾಗುತ್ತದೆ.

ಇನ್ನು ಹೀಟರಿಗೆ ಕಟ್ಟುವ ಬಿಳಿ ಗಟ್ಟಿ. ನಮ್ಮ ಬೋರ್‌ವೆಲ್ ಸೀಮೆಯಲ್ಲಿ ಗೀಸರ್ ರಿಪೇರಿಯವರು ‘ಉಪ್ಪು ಕಟ್ಟಿದೆ’ ಎನ್ನುತ್ತಾರೆ. ನಿಜದಲ್ಲಿ ಅದು ಹೆಚ್ಚಾಗಿ ಸುಣ್ಣದ್ದೇ ಅಂಶ, ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.8 ದಾಟಿದರೆ ಕಟ್ಟುವುದು ಇನ್ನೂ ಜೋರು. ನಮ್ಮದು ಉಪ್ಪಿನಿಂದಲೇ ಕ್ಲೋರಿನ್ ತಯಾರಿಸಿಕೊಳ್ಳುವ ಟಬ್ಬು, ಉಪ್ಪು ನಾವೇ ಅಳೆದು ಹಾಕುತ್ತೇವೆ. ‘ಉಪ್ಪು ಕಟ್ಟಿದರೆ ತಿಳಿಸಿ’ ಎಂದು ಬರೆದರೆ ಅಪ್ಪ ಉಪ್ಪು ಹಾಕುವುದನ್ನೇ ನಿಲ್ಲಿಸಿಯಾರು. ‘ಸುಣ್ಣ ಕಟ್ಟು’ ಎನ್ನಬಹುದೇ? ‘ಹಕ್ಕಳೆ’ ಗಾಯಕ್ಕಲ್ಲದೆ ಪಾತ್ರೆಗೂ ನಿಮ್ಮಲ್ಲಿ ಬಳಕೆಯಲ್ಲಿದೆಯೇ? ಕರಾವಳಿಯವರಿಗೆ ಉಪ್ಪು ನೀರೆಂದರೆ ಸಮುದ್ರದ್ದೇ ಇರಬೇಕು, ಹಾಗಾದರೆ ಅಲ್ಲಿ ಇದಕ್ಕೇನನ್ನುತ್ತಾರೆ?