ಇರಾನಿನ ಕಾನ್ಸಲ್ ವರದಿಗಳನ್ನು ಓದೋದು ಹೇಗೆ? ನಮ್ಮ ಮಲೆನಾಡಿಗೆ ಅಂಥದ್ದು ಇದೆಯಾ?

ಶಂಕರಘಟ್ಟದ ಓದುಗ:
ಎಂ.ಎ. ಇತಿಹಾಸದ ಕಿರುಪ್ರಬಂಧಕ್ಕೆ ದೊರೆ ರೆಜಾ ಶಾ ಕಾಲದ (1925–41) ಇರಾನ್ ತಗೊಂಡಿದೀನಿ. ರಾಜಧಾನಿ ಬಿಟ್ಟು ಹೊರಗಿನ ಊರುಗಳು: ಕೆರ್ಮಾನ್, ಶಿರಾಜ್, ಮಶ್ಹದ್. ಅಲ್ಲಿದ್ದ ಬ್ರಿಟಿಷ್ ಕಾನ್ಸಲ್‌ಗಳ (ಹೊರದೇಶದ ಊರಿನಲ್ಲಿ ಕೂತ ಸರ್ಕಾರಿ ಪ್ರತಿನಿಧಿಗಳ) ವರದಿಯೇ ಮುಖ್ಯ ಆಕರ. ತೊಡಕು ಏನಂದ್ರೆ, ಒಂದೇ ಕಾನೂನಿಗೆ ಒಂದೊಂದು ಕಡೆ ಒಂದೊಂದು ತಾರೀಕು. ತೂಕ, ದುಡ್ಡಿನ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಇನ್ನೊಂದು, ಕೊನೆಯ ಅಧ್ಯಾಯದಲ್ಲಿ ಅದೇ ಕಾಲದ ಶಿವಮೊಗ್ಗ ಜಿಲ್ಲೆ ಜೊತೆ ಹೋಲಿಸಬೇಕು ಅಂತಿದೀನಿ. ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದೂ 1926–41, ವರ್ಷಗಳು ಹೆಚ್ಚುಕಡಿಮೆ ಕೂಡಿ ಬರುತ್ತವೆ. ಹೊರಗಿನವನೊಬ್ಬ ಕೂತು ನೋಡಿ ಬರೆದ ದಾಖಲೆ ನಮ್ಮ ಕಡೆಗೂ ಇದೆಯಾ?

ಹಳೇ ಕಡತ:
ತಾರೀಕಿನ ವ್ಯತ್ಯಾಸವನ್ನ ತಪ್ಪು ಅಂತ ತಿದ್ದಕ್ಕೆ ಹೋಗಬೇಡಿ, ಪ್ರಬಂಧದ ತಿರುಳೇ ಅಲ್ಲಿದೆ. ಗಂಡಸರಿಗೆ ಏಕರೂಪ ಉಡುಪು ಕಡ್ಡಾಯ ಮಾಡಿದ ಕಾನೂನು ಮಜ್ಲಿಸ್‌ನಲ್ಲಿ (ಇರಾನಿನ ಸಂಸತ್ತಿನಲ್ಲಿ) ಪಾಸಾಗಿದ್ದು 1928ರ ಡಿಸೆಂಬರ್ ಕೊನೆಗೆ. ಆ ಕಾನೂನಿನಲ್ಲೇ ಎರಡು ಗಡುವು ಇತ್ತು: ಪಟ್ಟಣಗಳಿಗೆ 1929ರ ಮಾರ್ಚ್ 21ರ ನೌರೂಜ್‌ನಿಂದ (ಇರಾನಿ ಹೊಸವರ್ಷ), ಹೊರಗಿನ ಪ್ರದೇಶಕ್ಕೆ ಹೆಚ್ಚೆಂದರೆ ಅದರ ಮುಂದಿನ ನೌರೂಜ್‌ನಿಂದ. ಮೀರಿದ ಪಟ್ಟಣಿಗನಿಗೆ 1ರಿಂದ 5 ತುಮಾನ್ (ಅಲ್ಲಿನ ದುಡ್ಡು) ದಂಡ ಇಲ್ಲವೇ 1ರಿಂದ 7 ದಿನ ಜೈಲು. ಹಳ್ಳಿಯವನಿಗೆ ದಂಡ ಕಟ್ಟಿ ಪಾರಾಗುವ ದಾರಿ ಇರಲಿಲ್ಲ, ಜೈಲೇ. ಹೀಗಾಗಿ ಪ್ರತಿ ಕಾನೂನಿಗೂ ಮೂರು ಕಾಲಂ ಹಾಕಿ: ಪಾಸಾದ ದಿನ, ಜಾರಿಯ ಗಡುವು, ಆ ಊರಿನ ಕಾನ್ಸಲ್ ಮೊದಲ ಸಲ ಪ್ರಸ್ತಾಪಿಸಿದ ದಿನ. ಮೂರನೇ ಕಾಲಮ್ಮಿಗೆ ಅವನಿಗಿಂತ ಒಳ್ಳೆ ಸಾಕ್ಷಿ ಸಿಗೋದು ಕಷ್ಟ.

ಇರಾನಿ ಸೌರ ವರ್ಷಕ್ಕೆ ನೌರೂಜ್‌ನಿಂದ ಡಿಸೆಂಬರ್ 31ರವರೆಗೆ 621 ಕೂಡಿಸಿ, ಜನವರಿ 1ರಿಂದ ಮುಂದಿನ ನೌರೂಜ್‌ವರೆಗೆ 622. ಎಡವೋದು ದೇಯ್ ತಿಂಗಳಲ್ಲಿ, ಯಾಕಂದ್ರೆ ಅದು ಡಿಸೆಂಬರ್ 22ರ ಸುಮಾರಿಗೆ ಶುರುವಾಗಿ ಜನವರಿಗೆ ದಾಟುತ್ತೆ. ಹೆಂಗಸರ ಪರದೆ ತೆಗೆಸಿದ ದಿನ 17 ದೇಯ್ 1314. ಅದು 1936ರ ಜನವರಿ 8. 621 ಕೂಡಿಸಿದರೆ ಒಂದು ವರ್ಷ ಹಿಂದೆ ಬೀಳ್ತೀರಿ.

ವರದಿಯಲ್ಲಿ ಬರೀ ‘ಟೋಪಿ ಗಲಾಟೆ’ ಅಂತಿದ್ದರೆ ಯಾವ ಟೋಪಿ ಅಂತ ಮೊದಲು ನೋಡಿ. 1928ರ ಪಹ್ಲವಿ ಟೋಪಿ ಡಬ್ಬಿಯ ಹಾಗೆ ನೆಟ್ಟಗೆ, ಅಂಚು ಮುಂದೆ ಮಾತ್ರ. ನಮಾಜಿನಲ್ಲಿ ಹಣೆ ನೆಲಕ್ಕೆ ತಾಗಬೇಕು; ಅಂಚನ್ನ ಹಿಂದಕ್ಕೆ ತಿರುಗಿಸಿಕೊಂಡರೆ ಮುಗೀತು. 1935ರಲ್ಲಿ ಬಂದ ಐರೋಪ್ಯ ಹ್ಯಾಟಿಗೆ ಸುತ್ತಲೂ ಅಂಚು, ಎತ್ತ ತಿರುಗಿಸಿದರೂ ಅಡ್ಡ. ಅದೇ ಜುಲೈನಲ್ಲಿ ಮಶ್ಹದ್‌ನ ಇಮಾಮ್ ರೆಜಾ ದರ್ಗಾಕ್ಕೆ ಸೇರಿದ ಗೌಹರ್‌ಶಾದ್ ಮಸೀದಿಯಲ್ಲಿ ನಡೆದ ಗೋಲಿಬಾರಿಗೆ ಕಾರಣವಾದ ಸಿಟ್ಟಿನಲ್ಲಿ ಈ ಹ್ಯಾಟೂ ಒಂದು. ಆದರೆ ಸತ್ತವರ ಸಂಖ್ಯೆಗೆ ಕಾನ್ಸಲ್‌ನನ್ನ ನಂಬಬೇಡಿ. ಮುಸ್ಲಿಮೇತರರು ಆ ದರ್ಗಾದ ಆವರಣದೊಳಗೆ ಕಾಲಿಡುವ ಹಾಗಿರಲಿಲ್ಲ, ಅವನು ಬರೆದಿದ್ದೆಲ್ಲ ಕೇಳಿದ ಮಾತು.

ಯಾವ ಸರಣಿ ಓದ್ತಿದೀರಿ? ಎಫ್‌ಒ 371 ಅಂದ್ರೆ ಲಂಡನ್ನಿನ ವಿದೇಶಾಂಗ ಕಚೇರಿಗೆ ಹೋಗಿ ಸೇರಿದ್ದು. ಊರಿನ ಸಣ್ಣಪುಟ್ಟ ವಿಷಯ ತೆಹ್ರಾನ್ ಮಟ್ಟದಲ್ಲೇ ಸೋಸಿ ಹೋಗುತ್ತಿತ್ತು. ಹಾಗೆ ಉಳಿದದ್ದನ್ನ ತೆಹ್ರಾನ್ ರಾಯಭಾರ ಕಚೇರಿಯ ಕಡತ ಎಫ್‌ಒ 248ರಲ್ಲಿ ಹುಡುಕಿ. ಮಶ್ಹದ್, ಕೆರ್ಮಾನ್ ಥರದ ಪೂರ್ವದ ಠಾಣೆಗಳಿಗೆ ಬರುತ್ತಿದ್ದವರು ಭಾರತ ಸರ್ಕಾರದ ಪೊಲಿಟಿಕಲ್ ಇಲಾಖೆಯವರು. ಅವರ ಡೈರಿಗಳ ಪ್ರತಿ ದೆಹಲಿಗೂ ಬರುತ್ತಿತ್ತು, ಹಾಗಾಗಿ ರಾಷ್ಟ್ರೀಯ ಪತ್ರಾಗಾರದ ಜಾಲತಾಣ ಅಭಿಲೇಖ್ ಪಟಲ್‌ನಲ್ಲೂ ಒಮ್ಮೆ ನೋಡಿ.

ಸೊರಬದ ಕೊಳಗ:
ತೂಕದ ವಿಷಯ. ತಬ್ರೀಜ್ ಮನ್ ಅಂದ್ರೆ ಸುಮಾರು 3 ಕಿಲೋ. ಶಾಹಿ ಮನ್ ಅದರ ಎರಡರಷ್ಟು. ನೂರು ತಬ್ರೀಜ್ ಮನ್ ಒಂದು ಖರ್ವಾರ್, ಸುಮಾರು 300 ಕಿಲೋ. ಹೆಸರಿನ ಅರ್ಥ ಕತ್ತೆಯ ಹೇರು, ನಮ್ಮ ಎತ್ತಿನ ಹೇರು ಇದ್ದ ಹಾಗೆ. (ಅಷ್ಟು ಹೊರೋ ಕತ್ತೆ ಯಾವುದೋ ಗೊತ್ತಿಲ್ಲ.) ಯಾವ ಮನ್ ಅಂತ ವರದಿಯಲ್ಲಿ ಇಲ್ಲದಿದ್ದರೆ ಕಿಲೋಗೆ ಇಳಿಸದೆ ಹಾಗೇ ಬಿಡಿ. ನಮ್ಮಲ್ಲೂ 20 ಕೊಳಗಕ್ಕೆ ಒಂದು ಖಂಡುಗ ಅನ್ನೋದು ಖಾಯಂ, ಆದರೆ ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬೇರೆ, ಅದೇ ಕಥೆ.

ದುಡ್ಡಿಗೆ 10 ಕಿರಾನ್ ಒಂದು ತುಮಾನ್. 1932ರಿಂದ ಕಿರಾನ್ ಜಾಗಕ್ಕೆ ರಿಯಾಲ್. ಪೌಂಡಿಗೆ ಪರಿವರ್ತಿಸಿ ವರ್ಷದಿಂದ ವರ್ಷಕ್ಕೆ ಹೋಲಿಸಬೇಡಿ: ಕಿರಾನ್ ಬೆಳ್ಳಿ ನಾಣ್ಯ, 1929–30ರಲ್ಲಿ ಬೆಳ್ಳಿ ಬೆಲೆ ಕುಸಿದಾಗ ವಿನಿಮಯವೂ ಕುಸಿಯಿತು. ಪೇಟೆಯಲ್ಲಿ ಅಗ್ಗವಾಗದ ಸಾಮಾನು ಪೌಂಡ್ ಲೆಕ್ಕದಲ್ಲಿ ಅಗ್ಗವಾದ ಹಾಗೆ ಕಾಣುತ್ತೆ. ಇರಾನಿನ ರೈಲು ದಾರಿ ಕಟ್ಟೋ ಖರ್ಚಿಗೆ ಹಾಕಿದ ತೆರಿಗೆ ಬೇಕಾದರೆ 1925ರ ಕಾನೂನು ನೋಡಿ: ಮನ್ ಸಕ್ಕರೆಗೆ 2 ಕಿರಾನ್, ಮನ್ ಚಹಾಕ್ಕೆ 6 ಕಿರಾನ್. ಅಂದ್ರೆ ಕಿಲೋ ಚಹಾಕ್ಕೆ ಸುಮಾರು 2 ಕಿರಾನ್. ರೈಲು ಕಾಣದ ಊರಿನ ಬಡವನೂ ಪ್ರತಿ ಲೋಟಕ್ಕೆ ಕಟ್ಟಿದ್ದು ಇದನ್ನೇ.

ಆ ರೈಲಿನ ಬಗ್ಗೆ ಒಂದು ಎಚ್ಚರಿಕೆ. 1927ರಿಂದ 1938ರವರೆಗೆ ಹಾಕಿದ 1,394 ಕಿಲೋಮೀಟರ್ ದಾರಿ, ಪರ್ಷಿಯನ್ ಕೊಲ್ಲಿಯಿಂದ ಕ್ಯಾಸ್ಪಿಯನ್‌ಗೆ, ವಿದೇಶಿ ಸಾಲವಿಲ್ಲದೆ. ಇಸ್ಫಹಾನ್, ಶಿರಾಜ್, ಮಶ್ಹದ್, ತಬ್ರೀಜ್ ಯಾವುದನ್ನೂ ಅದು ಮುಟ್ಟಲಿಲ್ಲ. ‘ವ್ಯರ್ಥ ಖರ್ಚು’ ಅಂತ ಬ್ರಿಟಿಷರು ಬರೆದಾಗ ಅದರಲ್ಲಿ ಸತ್ಯವೂ ಇದೆ, ಸ್ವಾರ್ಥವೂ ಇದೆ: ಕ್ವೆಟ್ಟಾ ಕಡೆಯಿಂದ ಬಂದು ಇರಾನಿನ ಪೂರ್ವ ಗಡಿಯ ದುಜ್ದಾಬ್‌ನಲ್ಲಿ ನಿಂತ ಅವರದೇ ರೈಲನ್ನ ಪೂರ್ವ–ಪಶ್ಚಿಮವಾಗಿ ಮುಂದುವರಿಸಿದ್ದರೆ ಲಾಭ ಅವರಿಗೆ.

ತುಂಗೆಯ ದಡ:
ಮಲೆನಾಡಿಗೆ ಬರ್ತೀನಿ. ಕಾನ್ಸಲ್ ಸಿಗಲ್ಲ ಮಾರಾಯ್ರೇ. ಮೈಸೂರು ಸಂಸ್ಥಾನಕ್ಕೆ ಸ್ವಂತ ವಿದೇಶಾಂಗ ವ್ಯವಹಾರವೇ ಇರಲಿಲ್ಲ. ಇದ್ದಿದ್ದು ಬೆಂಗಳೂರಿನಲ್ಲಿ ಕೂತ ಬ್ರಿಟಿಷ್ ರೆಸಿಡೆಂಟ್ (ಬ್ರಿಟಿಷ್ ಸರ್ಕಾರದ ಪ್ರತಿನಿಧಿ), ಅವನ ಕಣ್ಣು ದಿವಾನರ ಮೇಲೆ, ಆಗುಂಬೆ ಮೇಲಲ್ಲ. ಕಾನ್ಸಲ್‌ಗೆ ಸಾಟಿ ಹುಡುಕೋ ಬದಲು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಅಚ್ಚಾದ ನಡಾವಳಿ ಹಿಡೀರಿ. 1881ರಿಂದ ಇದೆ, ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. ಓದೋ ಕ್ರಮ ಹೀಗೆ: ಮೊದಲು ಶಿವಮೊಗ್ಗ ಮತ್ತು ಕಡೂರು (ಈಗಿನ ಚಿಕ್ಕಮಗಳೂರು) ಜಿಲ್ಲೆಗಳ ಸದಸ್ಯರ ಅಹವಾಲು ಮಾತ್ರ ಹೆಕ್ಕಿ, ಅದೇ ವಿಷಯ ಮುಂದಿನ ವರ್ಷವೂ ಬಂದಿದೆಯಾ ನೋಡಿ. ‘ಪರಿಶೀಲಿಸಲಾಗುವುದು’ ಅನ್ನೋ ಉತ್ತರ ಬಂದು, ಅಹವಾಲು ಮತ್ತೆ ಮತ್ತೆ ಎದ್ದರೆ ಕೆಲಸ ಆಗಿಲ್ಲ ಅಂತ. ಆಡಳಿತ ವರದಿ ಜೊತೆ ತಾಳೆ ಹಾಕುವಾಗ ಮೈಸೂರಿನ ಸರ್ಕಾರಿ ವರ್ಷ ಜುಲೈ 1ರಿಂದ ಜೂನ್ 30 ಅನ್ನೋದು ನೆನಪಿರಲಿ.

ಇದಕ್ಕೂ ಕುರುಡು ಮೂಲೆ ಇದೆ. ಮತದ ಹಕ್ಕು ಆಸ್ತಿ, ಕಂದಾಯ ನೋಡಿ ಕೊಡುತ್ತಿದ್ದಿದ್ದು. ಅಡಿಕೆ ತೋಟದ ಯಜಮಾನರ ದನಿ ಗಟ್ಟಿ ಕೇಳುತ್ತೆ: ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು), ಕಾನು (ದಟ್ಟ ಕಾಡು), ರಸ್ತೆ, ಜ್ವರ. ಅದೇ ತೋಟದಲ್ಲಿ ದುಡಿದ ಹಸಲರು, ಗೇಣಿಗೆ ಗದ್ದೆ ಮಾಡಿದ ದೀವರು ಅಲ್ಲಿ ಮಾತಾಡಲ್ಲ.

ಇರಾನಿನ ರೈಲಿನ ಜೊತೆ ಹೋಲಿಕೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇರಲಿ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (1912–18) ಯೋಜನೆ, 1923ರ ಜನವರಿಯಲ್ಲಿ ಉತ್ಪಾದನೆ. ಕಲ್ಲಿದ್ದಲು ಇಲ್ಲದ ಸೀಮೆ, ಹಾಗಾಗಿ ಕುಲುಮೆಗೆ ಕಾಡಿನ ಮರದ ಇದ್ದಿಲು, ಅದಿರು ಕೆಮ್ಮಣ್ಣುಗುಂಡಿಯಿಂದ. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಬಿತ್ತು, ನಷ್ಟದ ಟೀಕೆ ಎದ್ದಿತು. ಇರಾನಿನಲ್ಲಿ ರೈಲನ್ನ ಹೀಗೆ ಬಹಿರಂಗವಾಗಿ ಬೈಯೋಕೆ ಮಜ್ಲಿಸ್‌ನಲ್ಲಿ ಆ ಹೊತ್ತಿಗೆ ಬಾಯಿ ಉಳಿದಿರಲಿಲ್ಲ, ಆ ಕೆಲಸ ಕಾನ್ಸಲ್‌ನ ಗುಟ್ಟಿನ ಪತ್ರಕ್ಕೆ ಬಿತ್ತು. ನಿಮ್ಮ ಕೊನೆಯ ಅಧ್ಯಾಯ ಇಲ್ಲಿಂದ ಶುರು ಮಾಡಬಹುದು. ಅಂದ ಹಾಗೆ ಮಿರ್ಜಾ ಅವರ ತಾತ ಆಗಾ ಅಲಿ ಅಸ್ಕರ್ ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದಿದ್ದು ಶಿರಾಜ್‌ನಿಂದಲೇ.

ಶಂಕರಘಟ್ಟದ ಓದುಗ:
ಧನ್ಯವಾದ ಸಾರ್. ಅಭಿಲೇಖ್ ಪಟಲ್‌ನಲ್ಲಿ ಜಾಹೆದಾನ್ ಅಂತ ಹಾಕಿದರೆ ಹೆಚ್ಚೇನೂ ಬರ್ತಿಲ್ಲ.

ಹಳೇ ಕಡತ:
ಹಳೇ ಹೆಸರು ದುಜ್ದಾಬ್, ಅದನ್ನ ಹಾಕಿ. ಆ ಕಾಲದಲ್ಲಿ ಊರುಗಳಿಗೇ ಮರುನಾಮಕರಣ: ಅಂಜಲಿ ಬಂದರು ಪಹ್ಲವಿ ಆಯ್ತು, ಉರ್ಮಿಯಾ ರೆಜಾಯಿಯೆ, ಅಸ್ತರಾಬಾದ್ ಗೋರ್ಗಾನ್. ಮಶ್ಹದ್‌ಗೆ ಬ್ರಿಟಿಷ್ ಕಾಗುಣಿತ ‘ಮೆಶೆಡ್’. ಇತ್ತ ಭದ್ರಾವತಿಗೆ ‘ಬೆಂಕಿಪುರ’, ಶಿವಮೊಗ್ಗಕ್ಕೆ ‘ಶಿಮೋಗ’, ಬ್ರಿಟಿಷ್ ಕಮಿಷನರ್ ಆಡಳಿತದ ಕಾಲದ ಕಡತವಾದರೆ ‘ನಗರ ಡಿವಿಷನ್’ ಅಂತಲೂ ಹಾಕಿ ನೋಡಿ.