ಸಹಾಯ ಬೇಕು: ಅಮ್ಮನನ್ನು ಲಂಡನ್ ಕೇಬಲ್ ಕಾರ್ ಹತ್ತಿಸಬಹುದಾ?

ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಏಪ್ರಿಲ್‌ನಲ್ಲಿ ತಂಗಿ ಮನೆಗೆ ಅಂತ ಲಂಡನ್ನಿಗೆ ಹೊರಟಿದ್ದೇವೆ, ಜೊತೆಗೆ 71ರ ಅಮ್ಮ. ಥೇಮ್ಸ್ ನದಿ ದಾಟುವ ಕೇಬಲ್ ಕಾರ್ ವಿಡಿಯೋ ನೋಡಿದ್ದೇ ತಡ, 'ನಂಗೂ ಅದ್ರಲ್ಲಿ ಕೂರ್ಬೇಕು' ಅಂತ ಹಟ ಹಿಡಿದಿದ್ದಾಳೆ. ಇದೇ ಅಮ್ಮ ಆಗುಂಬೆ ಘಾಟಿ ಇಳಿಯುವಾಗ ಸೆರಗಿನ ತುದಿಗೆ ನಿಂಬೆಹಣ್ಣು ಕಟ್ಟಿಕೊಂಡು, ತಿರುವಿಗೊಂದು ಸಲ ಮೂಸುತ್ತಾ ಕಣ್ಣು ಮುಚ್ಚಿ ಕೂತಿರ್ತಾಳೆ!

ನಾನು ಓದಿ ತಿಳಿದದ್ದು: 2012ರಲ್ಲಿ ಶುರುವಾಗಿದ್ದು, ಗ್ರೀನಿಚ್ ದಡದಿಂದ ರಾಯಲ್ ಡಾಕ್ಸ್‌ವರೆಗೆ ಸುಮಾರು 1 ಕಿ.ಮೀ., ನೀರಿನಿಂದ 90 ಮೀಟರ್ ಎತ್ತರ, ಒಂದು ಡಬ್ಬಿಯಲ್ಲಿ 10 ಜನ. ಗಾಳಿ ಜೋರಾದ್ರೆ ನಿಲ್ಲಿಸ್ತಾರೆ. ಬೊಲಿವಿಯಾದ ಲಾ ಪಾಜ್‌ನಲ್ಲಿ ಜನ ದಿನಾ ಕೆಲಸಕ್ಕೆ ಹೋಗೋದೇ ಇಂಥದ್ದರಲ್ಲಿ. ಲಂಡನ್ನಿನದು ಹೆಚ್ಚಾಗಿ ನೋಡೋಕೆ ಬಂದವರಿಗೆ. (ಸೇತುವೆ ಆಗುವ ಮೊದಲು ನಮ್ಮ ಸಿಗಂದೂರು ಲಾಂಚ್ ಎರಡೂ ಆಗಿತ್ತು ಬಿಡಿ: ತುಮರಿಯವರಿಗೆ ದಾರಿ, ನಮಗೆ ಮೋಜು.)

ಡಬ್ಬಿ ಪೂರ್ತಿ ನಿಲ್ಲಲ್ಲ, ನಿಧಾನಕ್ಕೆ ಸಾಗ್ತಿರುವಾಗಲೇ ಹತ್ತಬೇಕು ಅನ್ನೋದೇ ನನ್ನ ಚಿಂತೆ. ಅಮ್ಮನಿಗೆ ಮಂಡಿನೋವು, ಕೈಲಿ ಕೋಲು. ಅಲ್ಲಿನ ಸಿಬ್ಬಂದಿಗೆ ಹೇಳಿದ್ರೆ ನಿಲ್ಲಿಸಿ ಹತ್ತಿಸ್ತಾರಾ? ಮೇಲೆ ಹೋದಾಗ ಎಷ್ಟು ತೂಗಾಡತ್ತೆ? ವಯಸ್ಸಾದವರನ್ನು ಕರ್ಕೊಂಡು ಹೋದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಇಲ್ಲಿನ ಬ್ಯಾಂಕಿನ ಟ್ಯಾಪ್ ಮಾಡೋ ಕಾರ್ಡ್ ಅಲ್ಲಿ ಗೇಟಲ್ಲಿ ನಡೆಯತ್ತಾ? ಬೆಳಿಗ್ಗೆ ಹೋಗೋದು ಒಳ್ಳೇದಾ, ಸಂಜೆನಾ?

ನಿಂಬೆಹಣ್ಣಿನ ವ್ಯವಸ್ಥೆ ತಂಗಿ ಮಾಡ್ತಾಳಂತೆ.