ನಾಲ್ಕೇ ಜನರ ಒಮಾಹಾ ಟೇಬಲ್: 13 ಔಟ್ ಇದ್ದರೆ ಪಾಟ್ ಹಾಕಬಹುದಾ?

ಮಾಂಡವಿ_ಬಟನ್:

ಪಣಜಿಯಲ್ಲಿ ಪಾಟ್ ಲಿಮಿಟ್ ಒಮಾಹಾ (ಕೈಯ ನಾಲ್ಕು ಕಾರ್ಡಿನಲ್ಲಿ ಎರಡನ್ನು ಬೋರ್ಡಿನ ಮೂರರ ಜೊತೆ ಸೇರಿಸುವ ಪೋಕರ್; ಪಾಟ್ ಅಂದರೆ ನಡುವೆ ಸೇರಿದ ಹಣ, ಬೆಟ್ ಅದಕ್ಕಿಂತ ಹೆಚ್ಚಾಗುವಂತಿಲ್ಲ) ಆಡುವ ಕನ್ನಡಿಗರಿಗೆ ಒಂದು ಪ್ರಶ್ನೆ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದು 2025ರ ಕಾಯ್ದೆಯಿಂದ ನಿಂತ ಮೇಲೆ ನಮ್ಮವರಿಗೆ ಹೆಚ್ಚಾಗಿ ಉಳಿದಿರುವುದು ಗೋವಾದ ಲೈವ್ ಟೇಬಲ್ಲೇ. ಸಂಜೆ ತುಂಬಿದ್ದ ಟೇಬಲ್ ನಡುರಾತ್ರಿ ದಾಟಿದ ಮೇಲೆ ನಾಲ್ಕು ಜನಕ್ಕೆ ಇಳಿಯಿತು ಅಂದುಕೊಳ್ಳಿ. ಬ್ಲೈಂಡ್ (ಕಾರ್ಡು ನೋಡುವ ಮೊದಲೇ ಇಬ್ಬರು ಹಾಕುವ ಹಣ) 100/200, ಎಲ್ಲರ ಮುಂದೆಯೂ 20,000. ಬಟನ್‌ನವನು 700ಕ್ಕೆ ಏರಿಸಿದ (ಫ್ಲಾಪ್ ಮೇಲೆ ಕೊನೆಗೆ ಆಡುವ ಸೀಟು ಬಟನ್). ಬಿಗ್ ಬ್ಲೈಂಡ್‌ನಲ್ಲಿ ನನ್ನ ಕೈ ಕ್ಲಾವರ್ ರಾಜ, ಕ್ಲಾವರ್ 7, ಆಟೀನ್ 6, ಇಸ್ಪೀಟ್ 5, ಕಾಲ್. ಪಾಟ್ 1,500. ಫ್ಲಾಪ್ (ಬೋರ್ಡಿನ ಮೊದಲ ಮೂರು ಕಾರ್ಡು) ಇಸ್ಪೀಟ್ 9, ಆಟೀನ್ 8, ಡೈಮಂಡ್ 2. ಚೆಕ್ ಮಾಡಿದರೆ ಅವನು 1,000 ಹಾಕುತ್ತಾನೆ.

10, 7, 6, 5, ಯಾವುದು ಬಿದ್ದರೂ ಸ್ಟ್ರೇಟ್ (ಸಾಲಾಗಿ ಐದು ಕಾರ್ಡು). ಒಟ್ಟು 13 ಔಟ್, ಅಂದರೆ ಕೈ ಕೂಡಿಸುವ ಕಾರ್ಡು. ಜನ ಕಡಿಮೆ, ಎಲ್ಲರೂ ಸಡಿಲವಾಗಿ ಆಡುತ್ತಿದ್ದಾರೆ. ಇಲ್ಲಿ ಪಾಟ್ ರೈಸ್ ಸರಿಯಾ? ಜೊತೆಗೆ, ಮಾತೆತ್ತಿದರೆ ತ್ರೀಬೆಟ್ (ಫ್ಲಾಪಿಗೆ ಮೊದಲು ಒಬ್ಬ ಏರಿಸಿದ ಮೇಲೆ ಮತ್ತೆ ಏರಿಸುವುದು) ಮಾಡುವವನು ಟೇಬಲ್‌ನಲ್ಲಿದ್ದರೆ ಯಾವ ಕೈ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಕ್ಲಾವರ್_ಎಕ್ಕ:

ರೈಸ್ ಬೇಡ. 13 ಔಟ್ ಅನ್ನುವ ಎಣಿಕೆ ಸರಿಯೇ ಇದೆ, ಆದರೆ ಅದರಲ್ಲಿ ನಟ್ (ಆ ಬೋರ್ಡಿಗೆ ಎಲ್ಲಕ್ಕಿಂತ ದೊಡ್ಡ ಕೈ) ಎಷ್ಟು ಅಂತ ಬಿಡಿಸಿ ನೋಡಿ.

10 ಬಿದ್ದರೆ ಬೋರ್ಡು 10-9-8. ನಿಮ್ಮ 7-6ರಿಂದ ಹತ್ತರ ಸ್ಟ್ರೇಟ್. ರಾಣಿ-ಜಾಕಿ ಇದ್ದವನು ಮೇಲೆ, ಜಾಕಿ-7 ಇದ್ದವನೂ ಮೇಲೆ. ನಿಮ್ಮದು ಮೂರನೆಯದು. 7 ಬಿದ್ದರೆ ನಿಮ್ಮ 6-5ಗಿಂತ ಜಾಕಿ-10 ಮತ್ತು 10-6 ಎರಡೂ ದೊಡ್ಡವು, ಅಲ್ಲೂ ಮೂರನೆಯದು. 6 ಬಿದ್ದರೆ ನಿಮ್ಮ 7-5ಗಿಂತ 10-7 ಮೇಲೆ, ಅಂದರೆ ಎರಡನೆಯದು. 5 ಬಿದ್ದರೆ ಮಾತ್ರ 7-6 ನಟ್. ನಿಮ್ಮ ಕೈಯಲ್ಲೇ ಒಂದು 5 ಇರುವುದರಿಂದ ಉಳಿದಿರುವುದು ಮೂರು. ಹದಿಮೂರರಲ್ಲಿ ನಟ್ ಮೂರೇ ಮೂರು.

ಅದೇ ಫ್ಲಾಪಿಗೆ ರಾಣಿ-ಜಾಕಿ-10 ಜೊತೆಗೆ ಯಾವುದೋ ಒಂದು ಚಿಲ್ಲರೆ ಕಾರ್ಡು ಹಿಡಿದವನನ್ನು ನೋಡಿ. ಅವನಿಗೂ 13 ಔಟ್: ರಾಣಿ ಮೂರು, ಜಾಕಿ ಮೂರು, ಹತ್ತು ಮೂರು, ಏಳು ನಾಲ್ಕು. ಹದಿಮೂರೂ ನಟ್. ನೀವಿಬ್ಬರೇ ಪಾಟ್‌ನಲ್ಲಿದ್ದರೆ ಅವನ ಕೈಯ 10 ಮತ್ತು ನಿಮ್ಮ ಕೈಯ 7 ಕಳೆದು ಮೂರು ಹತ್ತು, ಮೂರು ಏಳು ಉಳಿಯುತ್ತವೆ. ಈ ಆರರಲ್ಲಿ ಯಾವುದು ಬಂದರೂ ಇಬ್ಬರಿಗೂ ಸ್ಟ್ರೇಟ್, ಹಣ ಮಾತ್ರ ಅವನಿಗೆ. ಒಮಾಹಾದಲ್ಲಿ ದೊಡ್ಡ ಸ್ಟ್ಯಾಕ್ ಹೋಗುವುದು ಹೆಚ್ಚಾಗಿ ಹೀಗೆ, ಡ್ರಾ ಬಾರದೆ ಅಲ್ಲ, ಬಂದಾಗ.

ಜಾಕಿ-10-7-6 ಇದ್ದರೆ 20 ಔಟ್. ಅದರಲ್ಲೂ ಜಾಕಿ ಮತ್ತು ಹತ್ತಿನ ಆರು ಔಟ್ ನಟ್ ಅಲ್ಲ. ರಾಣಿ, 7, 6, 5 ಸೇರಿ 14 ನಟ್. ಆ ಕೈಯಲ್ಲಿ ಧಾರಾಳವಾಗಿ ಪಾಟ್ ಹಾಕಿ.

ಶೇಕಡಾ ಲೆಕ್ಕ: ಕಾಣದ ಕಾರ್ಡು 45. ಬೋರ್ಡಿನ ನಾಲ್ಕನೇ ಕಾರ್ಡು ಟರ್ನ್, ಐದನೆಯದು ರಿವರ್. ರಿವರ್‌ವರೆಗೆ 13 ಔಟ್‌ಗೆ ಸುಮಾರು 50%, 20 ಔಟ್‌ಗೆ ಸುಮಾರು 70%. ಟರ್ನ್ ಒಂದಕ್ಕೇ ಆದರೆ 29% ಮತ್ತು 44%. ನಿಮ್ಮ ಕೇಸಿನಲ್ಲಿ ಕಾಲ್‌ಗೆ 1,000 ಕೊಟ್ಟರೆ ಪಾಟ್ 3,500, ಅಂದರೆ 28.6% ಬೇಕು. 13 ಔಟೂ ಗಟ್ಟಿಯಾಗಿದ್ದಿದ್ದರೆ ಸರಿಸಮ ಆಗುತ್ತಿತ್ತು. ಪಾಟ್ ರೈಸ್ ಅಂದರೆ 4,500 (ಅವನ ಬೆಟ್‌ನ ಮೂರು ಪಟ್ಟು, ಜೊತೆಗೆ ಅದಕ್ಕೆ ಮೊದಲಿದ್ದ 1,500). ಅವನು ತಿರುಗಿ ಪಾಟ್ ಅಂದರೆ 15,000. ನೀವು ಇನ್ನೂ 10,500 ಕೊಡಬೇಕು, ಎದುರಿಗಿರುವುದು 9ರ ಸೆಟ್ (ಮೂರು 9), 8ರ ಸೆಟ್ ಅಥವಾ ಹಲವು ಕಾರ್ಡಿಗೆ ಸ್ಟ್ರೇಟ್ ಆಗುವ ಮೇಲಿನ ರ‍್ಯಾಪ್. ಸಣ್ಣ ಕೈಗಳೆಲ್ಲ ಮೊದಲೇ ಫೋಲ್ಡ್ ಆಗಿರುತ್ತವೆ. ಟರ್ನ್‌ನಲ್ಲಿ ಚೆಕ್ ಮಾಡಿ ಕೈಬಿಡುವ ಆಸಾಮಿ ಆಗಿದ್ದರೆ ಒಂದು ಕಾಲ್ ಮಾಡಿ. ಇಲ್ಲದಿದ್ದರೆ ಫೋಲ್ಡ್ ಮಾಡಿದರೂ ಕಳೆದುಕೊಳ್ಳುವುದು ಏನೂ ಇಲ್ಲ.

ಮಾಂಡವಿ_ಬಟನ್:

ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಸರ್. ಕಾಲ್ ಮಾಡಿ, ಟರ್ನ್‌ನಲ್ಲಿ 10 ಬಂತು ಅಂದುಕೊಳ್ಳಿ. ಎದುರಿಗೆ ಇರುವುದು ಒಬ್ಬನೇ. ಆಗಲೂ ಹೆದರಬೇಕಾ?

ಕ್ಲಾವರ್_ಎಕ್ಕ:

ಚೆಕ್ ಮಾಡಿ, ಒಂದು ಬೆಟ್‌ಗೆ ಕಾಲ್ ಮಾಡಿ, ರಿವರ್‌ನಲ್ಲಿ ಅವನು ಮತ್ತೆ ಪಾಟ್ ಹಾಕಿದರೆ ಬಿಡಿ. ಫ್ಲಾಪ್ ಹೊತ್ತಿಗೆ ಪಾಟ್ 1,500, ಹಿಂದೆ 19,300 ಇದೆ, ಸುಮಾರು 13 ಪಟ್ಟು. ಇಷ್ಟು ಆಳದಲ್ಲಿ ಮೂರನೇ ಸ್ಟ್ರೇಟ್‌ಗೆ ಪೂರ್ತಿ ಸ್ಟ್ಯಾಕ್ ಕೊಡುವಂತಿಲ್ಲ. ತ್ರೀಬೆಟ್ ಆದ ಪಾಟ್‌ನಲ್ಲಿ ಇದೇ ಕೈ ಬೇರೆ ಕಥೆ. ಅಲ್ಲಿ ಎದುರಿನವನ ಹತ್ತಿರ ಎಕ್ಕದ ಜೋಡಿ ಇರುವ ಸಾಧ್ಯತೆ ಹೆಚ್ಚು, ಹಿಂದೆ ಉಳಿದಿರುವ ಹಣವೂ ಕಡಿಮೆ.

ಹುಬ್ಳಿ_ರನ್‌ಡೌನ್:

ಫ್ಲಾಪಿಗಿಂತ ಮೊದಲಿನ ಮಾತು ಯಾರೂ ಆಡವಲ್ರಿ. ಆ ರಾಜ-7-6-5 ಕೈಯಾಗ ರಾಜಂದು ಏನೂ ಕೆಲಸ ಇಲ್ರಿ, ಕ್ಲಾವರ್ ಎರಡು ಅದಾವ ಅನ್ನೋದು ಬಿಟ್ರ. ನಾಕು ಕಾರ್ಡಿಂದ ಆರು ಜೋಡಿ ಆಗ್ತಾವ. ಒಂದು ಕಾರ್ಡು ಕೂಡ್ಲಿಲ್ಲಂದ್ರ ಅದರಾಗ ಮೂರು ಜೋಡಿ ಹೋದಂಗ. 500 ಕೊಟ್ಟು 1,000 ಗೆಲ್ಲೋ ರೇಟು ಚಲೋ ಐತಿ ಖರೆ, ಬಿಗ್ ಬ್ಲೈಂಡ್‌ನ್ಯಾಗ ಭಾಳ ಕೈ ಇಟ್ಕೋಬೇಕು. ಆದ್ರ ಇಟ್ಕೊಂಡದ್ದು 8-7-6-5ರಂಗ ಕೂಡಿದ್ದು ಇರ್ಲಿ, ಎರಡು ಸೂಟಿನ್ಯಾಗ ಇದ್ರ ಇನ್ನೂ ಚಲೋ.

ನಾಕು ಮಂದಿ ಇದ್ದಾಗ ಬಟನ್‌ನ್ಯಾಗ ಹತ್ತಿರ ಹತ್ತಿರ ಅರ್ಧ ಕೈ ತೆರೀಬಹುದು, ಬಟನ್‌ಗಿಂತ ಮೊದಲಿನ ಸೀಟ್‌ನ್ಯಾಗ ಮೂವತ್ತು ಪರ್ಸೆಂಟ್ ಸಾಕು. ಸ್ಮಾಲ್ ಬ್ಲೈಂಡ್ ಕೆಟ್ಟ ಸೀಟು. ಅಲ್ಲಿ ಬಟನ್‌ನವ ಏರಿಸಿದ್ರ ತ್ರೀಬೆಟ್ ಮಾಡ್ರಿ ಇಲ್ಲಾ ಬಿಡ್ರಿ, ಸುಮ್ಮನ ಕಾಲ್ ಮಾಡಿದ್ರ ಬಿಗ್ ಬ್ಲೈಂಡ್‌ನವನೂ ಬರ್ತಾನ, ನೀವು ಇಬ್ಬರಿಗಿಂತ ಮೊದಲ ಆಡಬೇಕಾಗ್ತದ.

ಈಗ ಆ ತ್ರೀಬೆಟ್ ಮನಷ್ಯಾ. ಎಕ್ಕದ ಜೋಡಿ ಬರೋದು ನೂರಕ್ಕ ಎರಡೂವರಿ ಕೈ ಅಷ್ಟ. ಅವ ನೂರಕ್ಕ ಹತ್ತು ಸಲ ತ್ರೀಬೆಟ್ ಮಾಡ್ತಿದ್ರ ಅದರಾಗ ಎಕ್ಕ ಕಾಲು ಭಾಗ. ಮೂರೇ ಸಲ ಮಾಡ್ತಿದ್ರ ಬಹುತೇಕ ಎಲ್ಲಾ ಎಕ್ಕಾನ. ಮೊದಲ ಇದನ್ನ ಗಮನಿಸ್ರಿ.

ನೀವು ಬಟನ್‌ನಿಂದ 700, ಅವ ಬಿಗ್ ಬ್ಲೈಂಡ್‌ನಿಂದ ಪಾಟ್ ಅಂದ್ರ 2,200. ಕಾಲ್ ಮಾಡಿದ್ರ ಪಾಟ್ 4,500, ಹಿಂದ 17,800, ಅಂದ್ರ ನಾಕು ಪಟ್ಟು. ಇಲ್ಲಿ 9-8-7-6 ಡಬಲ್ ಸೂಟೆಡ್ ಭಾಳ ಛಂದ ಆಡ್ತದ, ಬಿದ್ರ ಬಿತ್ತು, ಇಲ್ಲಂದ್ರ ಸಲೀಸಾಗಿ ಬಿಡಬಹುದು. ಸೂಟ್ ಇಲ್ಲದ ರಾಜನ ಜೋಡಿ ಬ್ಯಾಡ್ರಿ. ಎಕ್ಕ-ರಾಣಿ-9-4ರಂಥದ್ದೂ ಬ್ಯಾಡ, ನಿಮಗ ಬೇಕಾದ ಎಕ್ಕ ಅವನ ಕೈಯಾಗ ಇರ್ತಾವ.

ನಿಮ್ಮ ಹತ್ರನ ಎಕ್ಕದ ಜೋಡಿ ಇದ್ರ ತಿರುಗಿ ಪಾಟ್ ಹಾಕ್ರಿ: 6,700. ಅವ ಕಾಲ್ ಮಾಡಿದ್ರ ಪಾಟ್ 13,500, ಉಳಿದದ್ದು 13,300. ಮುಂದ ಎಂಥಾ ಫ್ಲಾಪ್ ಬಂದ್ರೂ ಹೆಚ್ಚೂಕಡಿಮಿ ಹಾಕೋದ. ಸ್ಟ್ಯಾಕಿನ ಮೂರನೇ ಒಂದು ಭಾಗ ಒಳಗ ಹೋಗ್ತಿದ್ರ ಎಕ್ಕ-ಎಕ್ಕ-8-3 ಬ್ಯಾರೆ ಬ್ಯಾರೆ ಸೂಟ್ ಇದ್ರೂ ನಡೀತದ. ಹತ್ತನೇ ಒಂದು ಭಾಗ ಅಷ್ಟ ಹೋಗ್ತಿದ್ರ, ಅದೂ ಬಿಗ್ ಬ್ಲೈಂಡ್‌ನಿಂದ, ಅಂಥಾ ಒಣ ಎಕ್ಕ ಇಟ್ಕೊಂಡು ತ್ರೀಬೆಟ್ ಮಾಡಬ್ಯಾಡ್ರಿ. ಕೈ ತೆರೆದು ತೋರಿಸಿದಂಗ ಆಗ್ತದ, ಫ್ಲಾಪ್ 9-8-7 ಬಂದ್ರ ಏನು ಮಾಡಬೇಕು ಅಂತ ತಿಳಿಯೂದಿಲ್ಲ.

ಪರ್ವರಿ_ಪಾಟ್:

ಮೇಲಿನ ಇಬ್ಬರ ಲೆಕ್ಕವೂ ಒಪ್ಪುತ್ತೇನೆ. ಬಿಟ್ಟುಹೋದದ್ದು ಬ್ಲಾಕರ್, ಅಂದರೆ ನಮ್ಮ ಕೈಯಲ್ಲಿದ್ದು ಎದುರಿನವನ ದೊಡ್ಡ ಕೈಯನ್ನು ತಡೆಯುವ ಕಾರ್ಡು. ಬೋರ್ಡ್‌ನಲ್ಲಿ ಮೂರು ಇಸ್ಪೀಟ್, ನಿಮ್ಮ ಹತ್ತಿರ ಇಸ್ಪೀಟ್ ಎಕ್ಕ ಒಂಟಿ. ನಟ್ ಫ್ಲಶ್ (ಒಂದೇ ಸೂಟಿನ ಐದು ಕಾರ್ಡು, ಅದರಲ್ಲಿ ದೊಡ್ಡದು) ಬೇರೆ ಯಾರಿಗೂ ಇರಲು ಸಾಧ್ಯವಿಲ್ಲ. ಆರು ಜನರ ಪಾಟ್‌ನಲ್ಲಿ ಇದರಿಂದ ಬ್ಲಫ್ ಮಾಡಿದರೆ ಯಾರೋ ಒಬ್ಬರು ಕಾಲ್ ಮಾಡುತ್ತಾರೆ. ಒಬ್ಬನೇ ಎದುರಿದ್ದಾಗ ಕೆಲಸ ಮಾಡುತ್ತದೆ. ಆದರೆ ಫ್ಲಶ್ ಬಂದ ಕಾರ್ಡಿನಿಂದಲೇ ಬೆಟ್ ಶುರು ಮಾಡಿರಬೇಕು, ರಿವರ್‌ನಲ್ಲಿ ಪೂರ್ತಿ ಪಾಟ್ ಹಾಕಬೇಕು. ಅರ್ಧ ಪಾಟ್ ಹಾಕಿದರೆ ಎರಡನೇ ಫ್ಲಶ್‌ನವನು ಬಿಡುವುದಿಲ್ಲ. ರಾಜನ ಫ್ಲಶ್ ಯಾವತ್ತೂ ಬಿಡದ ಮನುಷ್ಯ ಎದುರಿದ್ದರೆ, ಅಥವಾ ಬೋರ್ಡು ಜೋಡಿ ಆದರೆ, ನಿಲ್ಲಿಸಿ.

ಮತ್ತೆ ಸ್ಟ್ರ್ಯಾಡಲ್, ಅಂದರೆ ಕಾರ್ಡು ನೋಡುವ ಮೊದಲೇ ತಾನಾಗಿ ಹಾಕುವ ಮೂರನೇ ಬ್ಲೈಂಡ್. ಯಾರಾದರೂ 400 ಸ್ಟ್ರ್ಯಾಡಲ್ ಹಾಕಿದ ಕೂಡಲೇ 20,000 ಅನ್ನುವುದು 100 ಬ್ಲೈಂಡ್ ಅಲ್ಲ, 50 ಸ್ಟ್ರ್ಯಾಡಲ್. ಮೊದಲ ಪಾಟ್ ರೈಸೇ 1,500 ಆಗುತ್ತದೆ. ಸ್ಟ್ಯಾಕ್ ಬೇಗ ಒಳಗೆ ಹೋಗುವುದರಿಂದ ಎಕ್ಕದ ಜೋಡಿ, ದೊಡ್ಡ ಜೋಡಿಗಳ ಬೆಲೆ ಏರುತ್ತದೆ, ನಿಧಾನಕ್ಕೆ ಲಾಭ ತರುವ, 8-7-6-5ರಂಥ ಸಾಲು ಕಾರ್ಡಿನ ಸಣ್ಣ ರನ್‌ಡೌನ್‌ಗಳ ಬೆಲೆ ಇಳಿಯುತ್ತದೆ. ಪಾಟ್ ಎಷ್ಟು ಅಂತ ಗೊಂದಲವಾದರೆ ಡೀಲರ್‌ನ ಕೇಳಿ, ಎಣಿಸಿ ಹೇಳುತ್ತಾರೆ. ಆದರೆ ನಿಮ್ಮ ಸರದಿ ಬಂದಾಗ ಮಾತ್ರ ಕೇಳಿ, ಮೊದಲೇ ಕೇಳಿದರೆ ಏರಿಸುವ ಉದ್ದೇಶ ಎದುರಿನವರಿಗೆ ತಿಳಿಯುತ್ತದೆ.

ಐದು ಕಾರ್ಡಿನ ಒಮಾಹಾಗೆ ಟೇಬಲ್ ಬದಲಾದರೆ ಒಬ್ಬೊಬ್ಬರ ಕೈಯಲ್ಲೂ ಆರರ ಬದಲು ಹತ್ತು ಜೋಡಿ. ಕ್ಲಾವರ್_ಎಕ್ಕ ಹೇಳಿದ ಆ 7-6-5 ರ‍್ಯಾಪ್‌ಗೆ ಅಲ್ಲಿ ಒಂದು ಕಾಲ್ ಕೂಡ ಬೇಡ.